ಮನೆ ಗುಂಪಿನಲ್ಲಿ ಒಂದು ಪಿಯಾನೊ ಜಗಳ

ಅತ್ತೆ: (ಹಲವು ಬಾರಿ ಫಾರ್ವರ್ಡ್ ಆದ ಆಡಿಯೊ) ರಣರಂಗದಲ್ಲಿ ಸಾಯುವ ಮುನ್ನ ಪಿಯಾನೊ ನುಡಿಸಿದ ಸೈನಿಕ. ಕೇಳಿದರೆ ಕಣ್ಣೀರು ಬರುತ್ತದೆ. 10 ಜನರಿಗೆ ಕಳಿಸಿ 🙏

ನಾನು: ಅತ್ತೆ, ಆಡಿಯೊ ಅಸಲಿ, ಕತೆ ಸುಳ್ಳು. ಇವನು ಫ್ಯಾಟ್ಸ್ ವಾಲರ್. ಜಾಸ್ ಪಿಯಾನೊದಲ್ಲಿ ದೊಡ್ಡ ಹೆಸರು. ಇದು ಅವನದೇ 1929ರ ಹಾಡು. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ 1943ರ ಸೆಪ್ಟೆಂಬರ್ 16ರಂದು ಮತ್ತೆ ಹಾಡಿದ್ದು.

ಅತ್ತೆ: ಸತ್ತಿದ್ದಾದರೂ ನಿಜ ತಾನೇ?

ನಾನು: ಮೂರು ತಿಂಗಳಾದ ಮೇಲೆ, ಡಿಸೆಂಬರ್ 15ಕ್ಕೆ. ಲಾಸ್ ಏಂಜಲೀಸ್ ಕಡೆಯಿಂದ ರೈಲಿನಲ್ಲಿ ಮನೆಗೆ ಬರುತ್ತಿದ್ದ. ನ್ಯುಮೋನಿಯಾ. ಕಾನ್ಸಾಸ್ ಸಿಟಿ ಹತ್ತಿರ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಬರೀ 39 ವರ್ಷ.

ದೊಡ್ಡಪ್ಪ: ತಡಿ. 1942ರ ಆಗಸ್ಟ್‌ನಿಂದ ಅಮೆರಿಕದಲ್ಲಿ ವಾದ್ಯಗಾರರ ಯೂನಿಯನ್ ಮುಷ್ಕರ ಹೂಡಿತ್ತು. ಪೆಟ್ರಿಲ್ಲೊ ಅಂತ ಅದರ ಮುಖಂಡ. ರೆಕಾರ್ಡ್ ಕಂಪನಿಗೆ ಯಾರೂ ನುಡಿಸುವ ಹಾಗಿರಲಿಲ್ಲ. ಇವನು ಹೇಗೆ ನುಡಿಸಿದ? ಮುಷ್ಕರ ಮುರಿದನೇ?

ಚಿಕ್ಕಪ್ಪ: ಶುರುವಾಯಿತು. ಅಣ್ಣ, ನೀನು ರಿಟೈರ್ ಆಗಿ ಎಷ್ಟು ವರ್ಷ ಆಯಿತು?

ದೊಡ್ಡಪ್ಪ: ಬ್ಯಾಂಕಿನಿಂದ ಆಗಿದ್ದೇನೆ. ಯೂನಿಯನ್ನಿಂದಲ್ಲ.

ನಾನು: ಮುರಿದಿಲ್ಲ ದೊಡ್ಡಪ್ಪ. ಇದು ವಿ-ಡಿಸ್ಕ್. ಎರಡನೇ ಮಹಾಯುದ್ಧಕ್ಕೆ ದೂರ ಹೋದ ಸೈನಿಕರು ಕೇಳಲಿ ಅಂತ ಸೈನ್ಯವೇ ಮಾಡಿಸಿದ ಗ್ರಾಮಫೋನ್ ಪ್ಲೇಟು. ಇಂಥ ಪ್ಲೇಟಿಗೆ ಯೂನಿಯನ್ನೂ ಒಪ್ಪಿತು. ಆದರೆ ನುಡಿಸಿದವರಿಗೆ ದುಡ್ಡಿಲ್ಲ, ಅಂಗಡಿಯಲ್ಲಿ ಮಾರುವಂತಿಲ್ಲ.

ದೊಡ್ಡಪ್ಪ: ಹಾಗಾದರೆ ಬಿಟ್ಟಿ ಚಾಕರಿ ಅನ್ನು!

ಚಿಕ್ಕಪ್ಪ: ಅವನ ರೆಕಾರ್ಡ್ ಕಂಪನಿ ಯೂನಿಯನ್ ಜೊತೆ ರಾಜಿ ಆಗಿದ್ದು 1944ರ ನವೆಂಬರ್‌ಗೆ. ಅಷ್ಟರಲ್ಲಿ ಇವನೇ ಇರಲಿಲ್ಲ. ಸೈನ್ಯ ಕರೆಯದಿದ್ದರೆ ಈ ಹಾಡು ನಮ್ಮ ಕಿವಿಗೆ ಬೀಳುತ್ತಿತ್ತಾ ಅಣ್ಣ?

ಅಕ್ಕ: ಆಗಿನ ಪ್ಲೇಟು ಅರಗಿನದು ಅಲ್ವಾ? ಹಡಗಿನಲ್ಲಿ ಪುಡಿಪುಡಿ ಆಗಲ್ವಾ?

ನಾನು: ಅದಕ್ಕೇ ವಿ-ಡಿಸ್ಕ್ ವಿನೈಲ್‌ನದು. ಅರಗಿಗೂ ಬರ ಬಂದಿತ್ತು. ಅದು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ.

ಅತ್ತೆ: ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗಾ?

ನಾನು: ಅದೇ ಅರಗು ಅತ್ತೆ.

ಅಕ್ಕ: ಹೆಡ್‌ಫೋನ್ ಹಾಕಿ ಕೇಳಿದೆ. ಅಳು ಎಲ್ಲಿದೆ ಇದರಲ್ಲಿ? ಎಡಗೈ ನೋಡಿ, ಕೆಳಗೆ ಒಂದು ಸ್ವರ ಕುಟ್ಟಿ, ಅಲ್ಲಿಂದ ಹಾರಿ ನಡುವೆ ಮೂರ್ನಾಲ್ಕು ಸ್ವರ ಒಟ್ಟಿಗೆ ಹಿಡಿಯುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ತಬಲ, ತಂಬೂರಿ ಎರಡೂ ಆ ಒಂದು ಕೈಯಲ್ಲೇ. ಡ್ರಮ್ ಇಲ್ಲ ಅಂತ ಅನಿಸುವುದೇ ಇಲ್ಲ. ಜೊತೆಗೆ ಮಾತು, ತಮಾಷೆ ಬೇರೆ.

ಅತ್ತೆ: ಸಾವು ಹತ್ತಿರ ಬಂದಿದೆ ಅಂತ ಗೊತ್ತಿದ್ದೂ ನಗುತ್ತಿದ್ದ, ಪಾಪ.

ನಾನು: ಅಯ್ಯೋ, ಗೊತ್ತೇ ಇರಲಿಲ್ಲ! ಆ ಜೂನ್‌ನಲ್ಲಿ ಅವನು ರಾಗ ಹಾಕಿದ ನಾಟಕ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ಶುರುವಾಗಿತ್ತು. ಜುಲೈನಲ್ಲಿ ಅವನಿದ್ದ ಸಿನಿಮಾ ಬಂದಿತ್ತು. ಕೈತುಂಬ ಕೆಲಸ. ಸ್ಟುಡಿಯೊಗೆ ಹೋದ, ಹಾಡಿದ, ಎದ್ದು ಬಂದ. ಕೊನೆಯದು ಅಂತ ಚೀಟಿ ಅಂಟಿಸಿದ್ದು ನಾವು. ಸುಮ್ನೆ ಕೇಳಿ, ಮಜಾ ಇದೆ.

ಅತ್ತೆ: ನಾನಾಗಲೇ 10 ಜನಕ್ಕೆ ಕಳಿಸಿಬಿಟ್ಟೆನಲ್ಲೋ. ಇಬ್ಬರು ಅಳುತ್ತಿದ್ದಾರಂತೆ.

ದೊಡ್ಡಪ್ಪ: ಎರಡು ಸಲ ಕೇಳಿದೆ. ಎಡಗೈ ಚೆನ್ನಾಗಿದೆ. ದುಡ್ಡು ಕೊಡಬೇಕಿತ್ತು.