ಬಾವಿಯಲ್ಲಿ ಈಜು ಕಲಿತವರಿಗೆ ಟ್ರಯಥ್ಲಾನ್ ಆಗುತ್ತದೆಯೇ?

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ): ನಮಸ್ಕಾರ ಸರ್. ನನಗೆ 34 ವರ್ಷ. ಊರು ಹಾವೇರಿ ಹತ್ತಿರದ ಹಳ್ಳಿ, ನೌಕರಿ ಹುಬ್ಬಳ್ಳಿಯಲ್ಲಿ. ಸಮುದ್ರ ತೀರದಲ್ಲಿ ನಡೆಯುವ ಒಂದು ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೇನೆ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ಮೂರೂ ಒಂದರ ಹಿಂದೊಂದು. ಇನ್ನು ಮೂರೂವರೆ ತಿಂಗಳಿದೆ. ಓಟದ ರೂಢಿಯಿದೆ, ಸೈಕಲ್ ಆಗಾಗ ತುಳಿಯುತ್ತೇನೆ, ಈಜು ಚಿಕ್ಕಂದಿನಲ್ಲಿ ಬಾವಿಯಲ್ಲಿ ಕಲಿತದ್ದು. ಮೂರಕ್ಕೂ ಸಮಯ ಹೇಗೆ ಹಂಚಲಿ? ದುಬಾರಿ ಸೈಕಲ್ ಕೊಳ್ಳಬೇಕೇ? ನಮ್ಮ ಹೊಲದಲ್ಲಿ ಕೃಷಿ ಹೊಂಡವಿದೆ, ಅಲ್ಲಿ ಈಜಿನ ಅಭ್ಯಾಸ ಮಾಡಬಹುದೇ?

ಉತ್ತರ (ತರಬೇತುದಾರ, ಧಾರವಾಡ): ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕೃಷಿ ಹೊಂಡದಲ್ಲಿ ಇಳಿಯಲೇಬೇಡಿ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಹಿಡಿದು ಜಾರುತ್ತದೆ; ಚೆನ್ನಾಗಿ ಈಜು ಬಲ್ಲವರೂ ದಂಡೆ ಹತ್ತಲಾಗದೆ ಮುಳುಗುತ್ತಾರೆ. ಕಲ್ಲಿನ ಕ್ವಾರಿಯ ನೀರೂ ಬೇಡ. ಉಣಕಲ್ ಕೆರೆಯನ್ನು ದಂಡೆಯ ಮೇಲಿನ ಓಟಕ್ಕಷ್ಟೇ ಇಟ್ಟುಕೊಳ್ಳಿ. ಅಂತರಗಂಗೆ ಬಳ್ಳಿ, ಚರಂಡಿ ನೀರು ಎರಡನ್ನೂ ನೀವೇ ನೋಡಿದ್ದೀರಿ.

ಬಾವಿಯ ಈಜು ನಿಮಗೆ ಒಂದು ದೊಡ್ಡ ಲಾಭ ಕೊಟ್ಟಿದೆ. ತಳ ಕಾಣದ ನೀರು ಕಂಡರೆ ನೀವು ಹೆದರುವುದಿಲ್ಲ. ಈಜುಕೊಳದಲ್ಲೇ ಕಲಿತ ಅನೇಕರು ಸಮುದ್ರದ ಮುಂದೆ ನಿಂತಾಗ ಕುಗ್ಗುವುದು ಅಲ್ಲಿಯೇ. ಆದರೆ ತಲೆ ಎತ್ತಿಕೊಂಡು ಈಜುವ ಬಾವಿಯ ರೂಢಿಯನ್ನು ಬಿಡಬೇಕು. ತಲೆ ಮೇಲಿದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಅವನ್ನು ಎಳೆಯುತ್ತ ಹೋಗುವಷ್ಟರಲ್ಲಿ ಶಕ್ತಿ ಮುಗಿಯುತ್ತದೆ. ಮುಖ ನೀರಿನಲ್ಲಿರಲಿ, ಉಸಿರನ್ನು ನೀರಿನೊಳಗೇ ಪೂರ್ತಿ ಬಿಡಿ, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳಿ. ಹೊಸಬರಿಗೆ ದಮ್ಮು ಹತ್ತುವುದು ಬಹಳ ಸಲ ಗಾಳಿ ಸಾಲದೆ ಅಲ್ಲ, ಒಳಗಿನದನ್ನು ಬಿಡದೆ.

ವಾರಕ್ಕೆ ಮೂರು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ. ನೌಕರಿ ಇರುವುದರಿಂದ ಒಂದು ದಿನ ಎರಡನ್ನು ಜೋಡಿಸಿ, ಒಂದು ದಿನ ಪೂರ್ತಿ ವಿಶ್ರಾಂತಿ ಪಡೆಯಿರಿ. ಓಟ ನಿಮಗೆ ಬರುತ್ತದೆ ಎಂಬ ಕಾರಣಕ್ಕೆ ಅದನ್ನೇ ಹೆಚ್ಚು ಮಾಡಬೇಡಿ. ಎಲ್ಲರೂ ತಮಗೆ ಬರುವುದನ್ನೇ ಅಭ್ಯಾಸ ಮಾಡುತ್ತಾರೆ; ನನ್ನ ಕೆಲಸದ ಅರ್ಧ ಪಾಲು ಅದನ್ನು ತಡೆಯುವುದು.

25 ಮೀಟರ್ ಕೊಳದಲ್ಲಿ 750 ಮೀಟರ್ ಎಂದರೆ 30 ಸಲ. ಮೊದಲು ನಿಂತು ನಿಂತು ಮಾಡಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಿಲ್ಲದೆ ಆಗಬೇಕು. ಬಳಿಕ ಗೋಡೆ ಮುಟ್ಟದೆ ನಡುವಿನಲ್ಲೇ ತಿರುಗಿ ಈಜಿ ನೋಡಿ. ಸಮುದ್ರದಲ್ಲಿ ಆನಿಕೊಳ್ಳಲು, ಕಾಲಿನಿಂದ ಒತ್ತಿ ಮುನ್ನುಗ್ಗಲು ಗೋಡೆ ಇರುವುದಿಲ್ಲ. ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣಷ್ಟೇ ಮೇಲೆತ್ತಿ ಮುಂದಿನ ಗುರುತು ನೋಡುವುದನ್ನೂ ಕೊಳದಲ್ಲೇ ಕಲಿಯಿರಿ. ಇಲ್ಲವಾದರೆ 750 ಮೀಟರ್ ಹೋಗಿ 900 ಆಗುತ್ತದೆ.

ಸೈಕಲ್ ವಿಷಯ: ಇರುವ ಗೇರ್ ಸೈಕಲ್ ಸಾಕು. ಎರಡೂ ಬ್ರೇಕ್ ಹಿಡಿಯಬೇಕು, ಹ್ಯಾಂಡಲ್ ತುದಿಗಳಲ್ಲಿ ಮುಚ್ಚಳ ಇರಬೇಕು, ಸೀಟಿನ ಎತ್ತರ ಸರಿಯಿರಬೇಕು. ಆಯೋಜಕರ ನಿಯಮ ಪುಸ್ತಕವನ್ನು ಒಮ್ಮೆ ಓದಿ. ದುಡ್ಡು ಉಳಿದರೆ ಒಳ್ಳೆಯ ಹೆಲ್ಮೆಟ್‌ಗೆ, ಈಜು ಕನ್ನಡಕಕ್ಕೆ ಹಾಕಿ.

ಪ್ರಶ್ನೆ (ಅದೇ ಬ್ಯಾಂಕ್ ಉದ್ಯೋಗಿ): ಧನ್ಯವಾದ ಸರ್. 20 ಕಿ.ಮೀ. ತುಳಿದು ಇಳಿದ ಕೂಡಲೇ ಓಡಲು ನೋಡಿದೆ, ಕಾಲು ನನ್ನದೇ ಅಲ್ಲ ಅನ್ನಿಸಿತು. ಅಭ್ಯಾಸಕ್ಕೆ ಯಾವ ರಸ್ತೆ ಒಳ್ಳೆಯದು? ಬೈಪಾಸ್ ನಡೆಯುತ್ತದೆಯೇ?

ಉತ್ತರ: ಕಾಲು ಹಾಗಾಗುವುದು ಎಲ್ಲರಿಗೂ ಇದೆ. ಅದಕ್ಕೆಂದೇ ಸೈಕಲ್ ಇಳಿದ ತಕ್ಷಣ ಹತ್ತು ಹದಿನೈದು ನಿಮಿಷ ಓಡುವ ಬ್ರಿಕ್ ಅಭ್ಯಾಸವನ್ನು ವಾರಕ್ಕೊಮ್ಮೆ ಮಾಡಿಸುತ್ತೇವೆ. ಕೊನೆಯ ಒಂದೆರಡು ಕಿಲೋಮೀಟರ್ ಹಗುರ ಗೇರಿಗೆ ಇಳಿಸಿ ವೇಗವಾಗಿ ಕಾಲು ಆಡಿಸಿ. ಓಟದ ಮೊದಲ ಐದು ನಿಮಿಷ ಬೇಕೆಂದೇ ಚಿಕ್ಕ ಹೆಜ್ಜೆ ಇಡಿ.

ಬೈಪಾಸ್ ಬೇಡವೇ ಬೇಡ, ಲಾರಿಗಳ ಮಧ್ಯೆ ನಿಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಧಾರವಾಡದಿಂದ ಅಳ್ನಾವರದ ಕಡೆಗೆ ಬೆಳಕು ಹರಿದ ಕೂಡಲೇ ಹೊರಡಿ, ಏರಿಳಿತವೂ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಶ್ಚಿಮದ ಗಾಳಿ ಜೋರು. ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ದಿನಗಳಲ್ಲಿ ಮೊದಲು ಪಶ್ಚಿಮಕ್ಕೆ ತುಳಿದು, ವಾಪಸು ಬರುವಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಿ. ಗದಗದ ಕಡೆಗೆ ಹುರುಪಿನಿಂದ ಹೋದವರು ಹುಬ್ಬಳ್ಳಿಗೆ ಮರಳುವಾಗ ಅಳುತ್ತಾರೆ. ಓಟಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಚೆನ್ನ. ನೃಪತುಂಗ ಬೆಟ್ಟದಲ್ಲಿ ಬೆಳಗಿನ ವಾಯುವಿಹಾರದವರ ನಡುವೆ ದಾರಿ ಹುಡುಕುವುದೇ ವ್ಯಾಯಾಮ.

ಪ್ರಶ್ನೆ (ಶಿಕ್ಷಕಿ, ಗದಗ): ಸರ್, ಈಜುಡುಗೆಯಲ್ಲೇ ಸೈಕಲ್ ಹತ್ತಿ ಓಡಬೇಕೇ? ಮುಜುಗರ ಎನ್ನಿಸುತ್ತದೆ. ನಡುವೆ ಬಟ್ಟೆ ಬದಲಿಸಲು ಸಮಯ ಕೊಡುತ್ತಾರೆಯೇ?

ಉತ್ತರ: ಮೇಡಂ, ಗಡಿಯಾರ ನಿಲ್ಲುವುದಿಲ್ಲ, ಬದಲಿಸುವ ಹೊತ್ತೂ ನಿಮ್ಮ ಸಮಯದಲ್ಲೇ ಸೇರುತ್ತದೆ. ಮೊಣಕಾಲಿನವರೆಗಿನ ಬಿಗಿ ಪ್ಯಾಂಟು, ತೋಳಿರುವ ಬಿಗಿ ಅಂಗಿ ತೊಟ್ಟು ಆರಂಭದಿಂದ ಕೊನೆಯವರೆಗೂ ಅದರಲ್ಲೇ ಮುಗಿಸಿ. ಬೇಗ ಒಣಗುವ ಬಟ್ಟೆಯಿರಲಿ, ಹತ್ತಿ ಬೇಡ. ಒಂದು ನಿಯಮ ನೆನಪಿಡಿ: ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದಿರಬೇಕು, ಸೈಕಲ್ ಹತ್ತಲೆಂದು ಗುರುತು ಮಾಡಿದ ಗೆರೆ ದಾಟುವವರೆಗೆ ಅದನ್ನು ಹತ್ತುವಂತಿಲ್ಲ. ಮುಂದಿನವರ ಬೆನ್ನಿಗೆ ಅಂಟಿ ಗಾಳಿ ತಪ್ಪಿಸಿಕೊಳ್ಳುವುದಕ್ಕೂ ಹವ್ಯಾಸಿಗಳ ಹೆಚ್ಚಿನ ಸ್ಪರ್ಧೆಗಳಲ್ಲಿ ದಂಡವಿದೆ.

ಪ್ರಶ್ನೆ (ನಿವೃತ್ತರು, ಧಾರವಾಡ): ತಮ್ಮಾ, ನನಗೆ 61 ವರ್ಷ. ಬಿ.ಪಿ. ಮಾತ್ರೆ ನಡೆದಿದೆ. ದಿನಾ ನಡೆಯುತ್ತೇನೆ, ಈಜು ಬರುತ್ತದೆ. ನಾನೂ ಹೆಸರು ಕೊಡಲೇ?

ಉತ್ತರ: ಕಾಕಾ, ನಿಮ್ಮ ಉತ್ಸಾಹಕ್ಕೆ ನಮಸ್ಕಾರ, ಆದರೆ ಹಣ ಕಟ್ಟುವ ಮೊದಲು ಹೃದಯ ತಜ್ಞರನ್ನು ಕಾಣಿ. ಟ್ರಯಥ್ಲಾನ್‌ಗಳಲ್ಲಿ ಆದ ಸಾವುಗಳಲ್ಲಿ ಹೆಚ್ಚಿನವು ಈಜಿನ ಹಂತದಲ್ಲೇ ಆಗಿವೆ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೋ ಎಂಬುದನ್ನು ಅವರು ಹೇಳುತ್ತಾರೆ. ಮಾತ್ರೆಯ ಚೀಟಿಯನ್ನೂ ಒಯ್ಯಿರಿ. ಕೆಲವು ಬಿ.ಪಿ. ಮಾತ್ರೆಗಳು ಹೃದಯದ ಬಡಿತ ಏರದಂತೆ ತಡೆಯುತ್ತವೆ, ಆಗ ಕೈಗಡಿಯಾರದ ಅಂಕಿ ನೋಡಿ ಶ್ರಮ ಅಳೆಯಲಾಗದು. ಮಾತಾಡಲು ಬರುವಷ್ಟು ವೇಗ ನಿಮ್ಮ ಅಳತೆಯಾಗಲಿ.

ಇದು ಎಲ್ಲರಿಗೂ: ಆರಂಭದಲ್ಲಿ ಹಿಂದೆ, ಬದಿಯಲ್ಲಿ ನಿಲ್ಲಿ. ಕೈಕಾಲು ತಾಗಿ, ಎದೆ ಬಿಗಿದಂತಾದರೆ ಅಂಗಾತ ಹೊರಳಿ ತೇಲಿ, ಉಸಿರು ಹತೋಟಿಗೆ ಬರಲಿ. ಯಾವ ಶೈಲಿಯಲ್ಲಾದರೂ ಈಜಬಹುದು. ಸುರಕ್ಷಾ ದೋಣಿಯನ್ನು ಹಿಡಿದು ದಣಿವಾರಿಸಿಕೊಳ್ಳಲೂ ಅವಕಾಶವಿದೆ, ಅದನ್ನು ಹಿಡಿದು ಮುಂದೆ ಸಾಗುವಂತಿಲ್ಲ ಅಷ್ಟೇ. ಎದೆನೋವು, ತಲೆಸುತ್ತು ಬಂದರೆ ಕೈ ಎತ್ತಿ ಹೊರಗೆ ಬನ್ನಿ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ): ಕೊನೆಯದು ಸರ್. ಸ್ಪರ್ಧೆಯ ದಿನ ಏನು ತಿನ್ನಲಿ?

ಉತ್ತರ: ಎರಡೂವರೆ ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ, ಬಾಳೆಹಣ್ಣು. ಹಿಂದಿನ ರಾತ್ರಿ ಮಿರ್ಚಿ ಭಜಿಯ ಕಡೆ ನೋಡಬೇಡಿ. ನಿಮಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯಬಹುದು, ಸೈಕಲ್ ಮೇಲೆ ಒಂದು ಬಾಟಲಿ ಓಆರ್‌ಎಸ್ ನೀರು, ಎರಡು ಉತ್ತತ್ತಿ ಸಾಕು. ಇವನ್ನೂ ಅಭ್ಯಾಸದ ದಿನಗಳಲ್ಲೇ ತಿಂದು ನೋಡಿ, ಹೊಟ್ಟೆಗೆ ಒಗ್ಗದಿದ್ದರೆ ಈಗಲೇ ಗೊತ್ತಾಗಲಿ. ಸೈಕಲ್ ಸಾಗಿಸುವಾಗ ಹಿಂಬದಿಯ ಗೇರ್ ಭಾಗಕ್ಕೆ ಬಟ್ಟೆ ಸುತ್ತಿ. ಒಂದು ದಿನ ಮೊದಲೇ ತಲುಪಿ ಸ್ವಲ್ಪ ದೂರ ತುಳಿದು ನೋಡಿ. ಬಿಡಿ ಟ್ಯೂಬ್, ಪಂಪು ಜೊತೆಗಿರಲಿ. ಪಂಕ್ಚರ್ ತಿದ್ದಲು ಬರದಿದ್ದರೆ ಈ ಭಾನುವಾರ ಸೈಕಲ್ ತೆಗೆದುಕೊಂಡು ಧಾರವಾಡಕ್ಕೆ ಬನ್ನಿ, ಕಲಿಸುತ್ತೇನೆ.