ಒಂದೇ ಕಂಪನಿಗೆ ಮೇಲ್ ಹೋಗ್ತಿಲ್ಲ: ನಮ್ಮ ಗುಂಪಿನ ಪ್ರಶ್ನೋತ್ತರ

(ಹಾಸನ–ಚಿಕ್ಕಮಗಳೂರು ಸಣ್ಣ ಉದ್ಯಮಿಗಳ ಗುಂಪು. ಮೇಲ್ ಸರ್ವರ್ ನೋಡಿಕೊಳ್ಳುವ ಹಾಸನದ ಮೇಡಂ ಇವತ್ತು ಸಂಜೆ ಉತ್ತರಿಸ್ತಾರೆ.)

ಮೂಡಿಗೆರೆ ತೋಟದವರು: ಮೇಡಂ ನಮಸ್ಕಾರ. ನಮ್ಮ ತೋಟದ ಹೆಸರಿನ ಮೇಲ್‌ನಿಂದ ಎಲ್ಲರಿಗೂ ಹೋಗುತ್ತೆ, ಮಂಗಳೂರಿನ ಕಾಫಿ ಖರೀದಿ ಕಂಪನಿಯೊಂದಕ್ಕೆ ಮಾತ್ರ ಹೋಗಲ್ಲ. ಅವರ ಅಕೌಂಟ್ಸ್‌ಗೆ ಬಿಲ್ ಕಳಿಸಿದ್ರೆ ನಿಮಿಷದೊಳಗೆ ವಾಪಸ್: ‘550 ನೋ ಸಚ್ ಯೂಸರ್ ಹಿಯರ್’. ಮಗನ ಜಿಮೇಲ್‌ನಿಂದ ಅದೇ ವಿಳಾಸಕ್ಕೆ ಹೋಗುತ್ತೆ. ಪಾರ್ಚ್‌ಮೆಂಟ್ ಕಾಫಿ ಲೋಡ್ ಕಳಿಸಿ ಮೂರು ವಾರ ಆಯ್ತು, ದುಡ್ಡಿಲ್ಲ.

ಮೇಡಂ: ವಾಪಸ್ ಬಂದ ಮೇಲ್ ಪೂರ್ತಿ ನನಗೆ ಬೇರೆಯಾಗಿ ಕಳಿಸಿ. ಫೋಟೋ ಬೇಡ.

ಬೇಲೂರು ಹೋಂಸ್ಟೇ: ನಮ್ಮ ಮೇಲ್ ಜಿಮೇಲ್‌ನವರಿಗೆ ಹೋಗ್ತಿಲ್ಲ. 550 5.7.26 ಅಂತ ಬರುತ್ತೆ.

ಮೇಡಂ: ಅದು ಗುರುತಿನ ಸಮಸ್ಯೆ. ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕೋ ಡಿಜಿಟಲ್ ಸಹಿ) ಎರಡರಲ್ಲಿ ಒಂದಾದರೂ ಇರಲೇಬೇಕು ಅಂತ 2024ರ ಫೆಬ್ರುವರಿಯಿಂದ ಜಿಮೇಲ್ ನಿಯಮ. ಎರಡೂ ಹಾಕಿಸಿ.

ಹಾಸನ ಪ್ರಿಂಟಿಂಗ್ ಪ್ರೆಸ್: ಇದು ಫಾರ್ವರ್ಡ್ ಬಂದಿದ್ದು, ಎಲ್ಲಾ ಬೌನ್ಸ್‌ಗೂ (ಮೇಲ್ ವಾಪಸ್ ಬರೋದಕ್ಕೆ) ರಾಮಬಾಣವಂತೆ: ಎಸ್‌ಪಿಎಫ್ ಸಾಲಿನ ಕೊನೆಗೆ ಪ್ಲಸ್ ಆಲ್ ಹಾಕಿ, ಆಂಟಿವೈರಸ್ ಆಫ್ ಮಾಡಿ, ಬ್ರೌಸರ್ ಕ್ಯಾಶ್ ಅಳಿಸಿ.

ಮೇಡಂ: ಯಾರೂ ಮಾಡಬೇಡಿ. ಪ್ಲಸ್ ಆಲ್ ಅಂದ್ರೆ ಲೋಕದ ಯಾವ ಸರ್ವರ್ ಬೇಕಾದ್ರೂ ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದು ಅಂತ ನೀವೇ ಬರೆದುಕೊಟ್ಟ ಹಾಗೆ. ಕ್ಯಾಶ್‌ಗೂ ಬೌನ್ಸ್‌ಗೂ ಸಂಬಂಧವೇ ಇಲ್ಲ.

ಸಕಲೇಶಪುರ ಏಲಕ್ಕಿ: ನಮಗೂ 5.7.26. ಎಸ್‌ಪಿಎಫ್ ಎರಡು ಸಾಲು ಇದೆ ಮೇಡಂ.

ಮೇಡಂ: ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಸೇರಿಸಿ ಒಂದು ಮಾಡಿ.

ಆಲ್ದೂರು ಸೊಸೈಟಿ: ಪ್ರಿಂಟರ್‌ನಿಂದ ಸ್ಕ್ಯಾನ್ ಮಾಡಿ ನೇರ ಮೇಲ್ ಹೋಗ್ತಿತ್ತು, ಈಗ ನಿಂತಿದೆ. ಯಾಕೆ?

ಮೇಡಂ: ಮೂಡಿಗೆರೆಯವರೇ, ಗಮನ ಇಟ್ಟು ಓದಿ. ವಾಪಸ್ ಬಂದ ಮೇಲ್‌ನ ‘ರಿಪೋರ್ಟಿಂಗ್ ಎಂಟಿಎ’ ಸಾಲಿನಲ್ಲಿ ನಿಮ್ಮದೇ ಹೋಸ್ಟಿಂಗ್ ಸರ್ವರ್ ಹೆಸರಿದೆ, ಮೇಲ್ ಬೇಡ ಅಂದ ಹೊರಗಿನ ಸರ್ವರ್ ಹೆಸರು ಹೇಳೋ ‘ರಿಮೋಟ್ ಎಂಟಿಎ’ ಸಾಲೇ ಇಲ್ಲ. ಅಂದ್ರೆ ಮೇಲ್ ಮಂಗಳೂರಿನವರ ಬಾಗಿಲಿಗೆ ಹೋಗೇ ಇಲ್ಲ, ನಿಮ್ಮ ಸರ್ವರೇ ‘ಇಲ್ಲಿ ಅಂಥವರಿಲ್ಲ’ ಅಂದಿದೆ.

ಮಂಗಳೂರಿನವರ ಎಂಎಕ್ಸ್ ರೆಕಾರ್ಡ್ (ಅವರ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋ ದಾಖಲೆ) ತೆಗೆದು ನೋಡಿದೆ, ಗೂಗಲ್ ಕಡೆಗಿದೆ. ಆದರೆ ಅವರ ವೆಬ್‌ಸೈಟ್ ಇರೋದು ನಿಮ್ಮ ಮೇಲ್ ಇರುವ ಸರ್ವರ್‌ನಲ್ಲೇ, ಒಂದೇ ಐಪಿ. ಮೊದಲು ಅವರ ಮೇಲ್ ಕೂಡ ಅಲ್ಲೇ ಇದ್ದಿರಬೇಕು. ಮೇಲ್ ಬೇರೆ ಕಡೆ ಸಾಗಿಸಿದರೂ ಸಿಪ್ಯಾನೆಲ್‌ನ (ಹೋಸ್ಟಿಂಗ್ ಸೆಟ್ಟಿಂಗ್ ಮಾಡೋ ಜಾಗ) ‘ಇಮೇಲ್ ರೂಟಿಂಗ್’ ‘ಲೋಕಲ್’ನಲ್ಲೇ, ಅಂದ್ರೆ ‘ಮೇಲ್ ಇಲ್ಲೇ ಇದೆ’ ಅಂತಲೇ ಉಳಿದಿದೆ. ಸಂಸಾರ ಖಾಲಿ ಮಾಡಿ ಹೋದ ಮನೆಗೆ ಹೆಸರಿನ ಹಲಗೆ ಹಾಗೇ ಇದೆ. ಆ ಸರ್ವರ್‌ನಿಂದ ಹೊರಟ ಮೇಲ್ ಎಂಎಕ್ಸ್ ನೋಡೋದೇ ಇಲ್ಲ, ಪಕ್ಕದ ಬಾಗಿಲೇ ತಟ್ಟುತ್ತೆ. ಜಿಮೇಲ್‌ನಿಂದ ಹೊರಟಿದ್ದು ಎಂಎಕ್ಸ್ ನೋಡಿ ಸರಿಯಾದ ಕಡೆ ಹೋಗುತ್ತೆ.

ನನಗೆ ಚಿಂತೆ ಬೇರೆ. ಅವರ ಬೇರೆ ಯಾವ ವಿಳಾಸಕ್ಕಾದರೂ ಕಳಿಸಿದ್ದು ಬೌನ್ಸ್ ಆಗದೆ ‘ಹೋಗಿದೆ’ಯಾ? ಹಳೇ ಮೇಲ್‌ಬಾಕ್ಸ್ ಅಳಿಸದೆ ಬಿಟ್ಟಿದ್ದರೆ ಮೇಲ್ ಅದರೊಳಗೆ ಬಿದ್ದಿರುತ್ತೆ. ನಿಮಗೆ ಬೌನ್ಸ್ ಬರಲ್ಲ, ಅವರು ಅದನ್ನ ತೆಗೆದು ನೋಡಲ್ಲ. ಇವತ್ತೇ ಫೋನ್ ಮಾಡಿ ಕೇಳಿ.

ಮೂಡಿಗೆರೆ ತೋಟದವರು: ಮ್ಯಾನೇಜರ್‌ಗೆ ಕಳಿಸಿದ್ದು ಯಾವುದೂ ವಾಪಸ್ ಬಂದಿಲ್ಲ. ಕೇಳ್ತೀನಿ.

ಹಾಸನ ಪ್ರಿಂಟಿಂಗ್ ಪ್ರೆಸ್: ಇಷ್ಟೆಲ್ಲಾ ಯಾಕೆ, ಹೊಸ ಜಿಮೇಲ್ ಮಾಡಿ ಬಿಲ್ ಕಳಿಸಿ, ಮುಗೀತು.

ಮೇಡಂ: ಗುರುತಿಲ್ಲದ ವಿಳಾಸದಿಂದ ಬ್ಯಾಂಕ್ ಖಾತೆ ನಂಬರ್ ಇರೋ ಬಿಲ್! ಮೋಸಗಾರರು ಮಾಡೋದು ಇದನ್ನೇ. ಮಗನ ಜಿಮೇಲ್‌ನಿಂದ ಕಳಿಸೋದಾದ್ರೂ ಮೊದಲು ಹಳೇ ನಂಬರಿಗೆ ಫೋನ್ ಮಾಡಿ ಹೇಳಿ.

ಅರಸೀಕೆರೆ ಕೊಬ್ಬರಿ ಮಂಡಿ: ಇದೆಲ್ಲ ವೆಬ್‌ಸೈಟ್ ಮಾಡೋರ ಕೆಲಸ. ನಮ್ಮ ಡೊಮೇನನ್ನೇ ತಮ್ಮ ಹೆಸರಲ್ಲಿ ಇಟ್ಕೊಂಡಿದಾರೆ, ಪಾಸ್‌ವರ್ಡ್ ಕೇಳಿದ್ರೆ ಫೋನ್ ಎತ್ತಲ್ಲ.

ಚಿಕ್ಕಮಗಳೂರು ಡಿಸೈನರ್: ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ರಿನ್ಯೂವಲ್ ದುಡ್ಡು ಕೇಳಿದಾಗ ಯಾರು ಫೋನ್ ಎತ್ತಲ್ಲ ಹೇಳಿ.

ಅರಸೀಕೆರೆ ಕೊಬ್ಬರಿ ಮಂಡಿ: ರಸೀದಿ ಇದೆ ನನ್ನ ಹತ್ರ. ಹಾಕ್ಲಾ ಇಲ್ಲಿ?

ಚಿಕ್ಕಮಗಳೂರು ಡಿಸೈನರ್: ಹಾಕ್ರೀ. ನಾನು ನಿಮ್ಮ ಡಿಸೈನರ್ ಅಲ್ಲ, ನನ್ನ ಮೇಲೆ ಯಾಕೆ ಕೂಗಾಡ್ತೀರಿ?

ಬೇಲೂರು ಹೋಂಸ್ಟೇ: ಇಬ್ರೂ ಪರ್ಸನಲ್ ಆಗಿ ಮಾತಾಡ್ಕೊಳ್ಳಿ ಮಾರಾಯ್ರೆ.

ಮೇಡಂ: ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಮೇಲ್‌ನಲ್ಲೇ ನೋಂದಣಿ ಇರಬೇಕು. ಅಷ್ಟೇ. ಜಗಳ ಬಿಡಿ.

ಆಲ್ದೂರು ಸೊಸೈಟಿ: ಮೇಡಂ, ಪ್ರಿಂಟರ್?

ಕಡೂರು ಅಡಿಕೆ: ಜಿಮೇಲ್‌ಗೆ ಹೋಗ್ತಿಲ್ಲ, 5.7.26, ಏನು ಮಾಡ್ಲಿ?

ಮೇಡಂ: ಮೇಲೆ ಓದಿ.

ಮೂಡಿಗೆರೆ ತೋಟದವರು: ಮೇಡಂ, ನೀವು ಹೇಳಿದ ಹಾಗೇ ಆಗಿದೆ. ಸ್ಯಾಂಪಲ್ ವಿವರ, ರೇಟು ಒಪ್ಪಿದ ಪತ್ರ, ಯಾವುದೂ ಮ್ಯಾನೇಜರ್‌ಗೆ ಸಿಕ್ಕಿಲ್ಲ. ನಾವು ಸುಮ್ಮನಾಗಿದೀವಿ ಅಂತ ಅವರಿಗೆ ಬೇಜಾರು. ಹೋಸ್ಟಿಂಗ್‌ನವರನ್ನ ಕೇಳಿದ್ರೆ ‘ನಿಮ್ಮ ಎಂಎಕ್ಸ್ ಸರಿ ಇದೆ’ ಅಂತಾರೆ.

ಹಾಸನ ಪ್ರಿಂಟಿಂಗ್ ಪ್ರೆಸ್: ಒಂದ್ಸಲ ಪ್ಲಸ್ ಆಲ್ ಹಾಕಿ ನೋಡಬಹುದಿತ್ತು.

ಮೇಡಂ: ಪ್ರೆಸ್‌ನವರೇ, ಇನ್ನೊಂದು ಸಲ ಅದನ್ನ ಬರೆದರೆ ಅಡ್ಮಿನ್‌ಗೆ ಹೇಳಿ ಅಳಿಸ್ತೀನಿ.

ಮೂಡಿಗೆರೆಯವರೇ, ಹೋಸ್ಟಿಂಗ್‌ನವರು ನೋಡಿದ್ದು ನಿಮ್ಮ ಡೊಮೇನ್. ತಪ್ಪಿರೋದು ಖರೀದಿದಾರರ ಡೊಮೇನ್‌ನಲ್ಲಿ, ನಿಮ್ಮ ಕೈಯಿಂದ ಅದು ಸರಿಹೋಗಲ್ಲ. ಮಂಗಳೂರಿನವರ ವೆಬ್‌ಸೈಟ್ ನೋಡಿಕೊಳ್ಳೋರಿಗೆ ಈ ಮಾತನ್ನ ಹಾಗೇ ಕಳಿಸಿ: ‘ನಿಮ್ಮ ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ರಿಮೋಟ್ ಮೇಲ್ ಎಕ್ಸ್‌ಚೇಂಜರ್ ಮಾಡಿ. ಹಳೇ ಮೇಲ್‌ಬಾಕ್ಸ್‌ಗಳನ್ನ ಅಳಿಸುವ ಮೊದಲು ಒಳಗಿರೋ ಮೇಲ್ ತೆಗೆದುಕೊಳ್ಳಿ.’ ನಿಮ್ಮ ರೇಟಿನ ಪತ್ರ ಅದರೊಳಗಿದೆ. ಯಾವ ದಿನ ಕಳಿಸಿದ್ದು ಅಂತ ಅದರಲ್ಲೇ ಇರುತ್ತೆ, ಮ್ಯಾನೇಜರ್‌ಗೆ ತೋರಿಸಿ.