ಪಿಜಿ ಓದಲಾ, ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗಲಾ?

ಪ್ರಶ್ನೆ (ಮದ್ದೂರಿನಿಂದ): ಮೇಡಂ ನಮಸ್ತೆ. ನಾನು ಮಂಡ್ಯದಲ್ಲಿ ಬಿಎಸ್ಸಿ ಮುಗಿಸಿದ್ದೇನೆ. ಕೆಮಿಸ್ಟ್ರಿ ಇತ್ತು, ಒಟ್ಟು 74 ಪರ್ಸೆಂಟ್. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿಗೆ ಅರ್ಜಿ ಹಾಕಿದ್ದೇನೆ, ಸೀಟು ಸಿಗಬಹುದು. ಅಷ್ಟರಲ್ಲಿ ನಂಜನಗೂಡಿನ ಒಂದು ಔಷಧಿ ಕಾರ್ಖಾನೆಯಿಂದ ಕ್ಯೂಸಿ (ಗುಣಮಟ್ಟ ಪರೀಕ್ಷೆ ಮಾಡುವ) ಲ್ಯಾಬಿಗೆ ಟ್ರೈನಿ ಅಂತ ಆಫರ್ ಬಂದಿದೆ. ಕೈಗೆ 16,500 ಬರುತ್ತದಂತೆ. ನಮ್ಮದು ಒಂದೂವರೆ ಎಕರೆ ಕಬ್ಬು, ತಮ್ಮ ಪಿಯುಸಿ. ಅಪ್ಪ ಓದು ಅಂತಾರೆ, ಅಮ್ಮ ಏನೂ ಹೇಳುವುದಿಲ್ಲ. ನನ್ನ ಕ್ಲಾಸಿನ ಒಂಬತ್ತು ಹುಡುಗಿಯರು ಎಂಎಸ್ಸಿಗೇ ಹೋಗುತ್ತಿದ್ದಾರೆ. ನಿಜವಾಗಲೂ ಅದರಿಂದ ಉಪಯೋಗ ಇದೆಯಾ? ಎರಡು ವರ್ಷ ವೇಸ್ಟ್ ಆಗುತ್ತದಾ?

ಉತ್ತರ (ಔಷಧಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ 22 ವರ್ಷ, ಮೈಸೂರು): ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು ಅಷ್ಟೇ.

ಆ ಒಂಬತ್ತು ಜನರನ್ನು ಮೊದಲು ಲೆಕ್ಕದಿಂದ ತೆಗೆದುಬಿಡು. ಅವರಲ್ಲಿ ಅರ್ಧ ಜನಕ್ಕೆ ಮುಂದೇನು ಅಂತ ಗೊತ್ತಿರುವುದಿಲ್ಲ. ನಾನೂ ಹಾಗೇ ಹೋದವಳು. ಗಂಗೋತ್ರಿಯಲ್ಲಿ ಮೊದಲ ಆರು ತಿಂಗಳು ಕ್ಲಾಸಿಗಿಂತ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಾಡಿದ್ದೇ ಜಾಸ್ತಿ. ಆಮೇಲೆ ಹೇಗೋ ದಾರಿಗೆ ಬಂದೆ, ಆ ಕಥೆ ಬೇಡ.

ನಿನಗೆ ಯಾವ ಕೆಲಸ ಬೇಕು? ಆ ಕೆಲಸದ ನೋಟಿಫಿಕೇಷನ್ನಿನಲ್ಲಿ ಎಂಎಸ್ಸಿ ಅಂತ ಬರೆದಿದೆಯಾ? ಇವತ್ತು ರಾತ್ರಿ ಕೂತು ಇದನ್ನು ನೋಡು. ಕೆಎಎಸ್, ಪಿಡಿಒ, ಎಫ್‌ಡಿಎ ಇವಕ್ಕೆಲ್ಲ ಡಿಗ್ರಿ ಸಾಕು. ಅದಕ್ಕಾಗಿ ಎಂಎಸ್ಸಿ ಮಾಡಿದರೆ ಆ ಪರೀಕ್ಷೆಗಳಿಗೆ ಓದುವ ಎರಡು ವರ್ಷ ಕಡಿಮೆಯಾಗುತ್ತದೆ ಅಷ್ಟೇ. ಹೈಸ್ಕೂಲ್ ಮೇಷ್ಟ್ರಾಗುವುದಕ್ಕೆ ಬಿಎಸ್ಸಿ ಮೇಲೆ ಬಿಎಡ್ ಬೇಕು. ಆದರೆ ಪಿಯು ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ಎಂಎಸ್ಸಿಯಲ್ಲಿ 55 ಪರ್ಸೆಂಟ್ ಬೇಕು, ಜೊತೆಗೆ ಬಿಎಡ್. ಡಿಗ್ರಿ ಕಾಲೇಜಿಗೆ ಎಂಎಸ್ಸಿ 55 ಪರ್ಸೆಂಟ್ ಮತ್ತು ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಪಿಎಚ್‌ಡಿಗೆ ಸೇರಿದ ಮೇಲೆ ತಿಂಗಳಿಗೆ 37,000 ರೂಪಾಯಿ ಕೊಡುತ್ತಾರೆ, 2023ರಿಂದ ಅಷ್ಟಾಗಿದೆ. ಆ ದಾರಿ ಹಿಡಿಯುವವರಿಗೆ ಎಂಎಸ್ಸಿ ಇಲ್ಲದೆ ಆಗುವುದಿಲ್ಲ.

ಇನ್ನು ನಮ್ಮ ಕಾರ್ಖಾನೆ ಲೋಕ. ಪ್ರೊಡಕ್ಷನ್‌ಗೆ, ಕ್ಯೂಸಿಗೆ ಬಿಎಸ್ಸಿಯವರನ್ನು ತಗೊಳ್ಳುತ್ತೇವೆ. ಹೊಸ ಮಾಲಿಕ್ಯೂಲ್ ಮಾಡುವ ಆರ್ ಅಂಡ್ ಡಿ ಲ್ಯಾಬಿಗೆ ಹೆಚ್ಚಾಗಿ ಎಂಎಸ್ಸಿಯವರೇ, ಅದರಲ್ಲೂ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದಿದವರು. ಸೇರುವಾಗ ಎಂಎಸ್ಸಿಯವರಿಗೆ ಸಂಬಳ ಸ್ವಲ್ಪ ಜಾಸ್ತಿ. ಐದಾರು ವರ್ಷ ಕಳೆದ ಮೇಲೆ ಆ ವ್ಯತ್ಯಾಸ ಅಷ್ಟು ಕಾಣುವುದಿಲ್ಲ, ಕೈಕೆಲಸ ಗೊತ್ತಿರುವವರು ಮುಂದೆ ಹೋಗುತ್ತಾರೆ. ಆದರೆ ಮ್ಯಾನೇಜರ್ ಹುದ್ದೆಯ ಹತ್ತಿರ ಬಂದಾಗ ಬಿಎಸ್ಸಿಯವರ ಫೈಲು ಒಂದು ಕಡೆ ನಿಂತುಬಿಡುವುದನ್ನೂ ನೋಡಿದ್ದೇನೆ. ಸುಳ್ಳು ಹೇಳಿ ಏನು ಪ್ರಯೋಜನ.

ನಾನು ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಒಂದು ಲೀಟರ್ ಮಾಡಿಕೊಡಿ ಅಂದರೆ ಏನು ಮಾಡುತ್ತೀರಿ? 4 ಗ್ರಾಂ ತೂಗಿ, ನೀರಲ್ಲಿ ಕರಗಿಸಿ, ಒಂದು ಲೀಟರಿಗೆ ತರುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. "ಸರಿಯಾಗಿ 4 ಗ್ರಾಂ ತೂಗಿದ್ದೀರಲ್ಲ, ಮತ್ಯಾಕೆ ಅದನ್ನು ಸ್ಟ್ಯಾಂಡರ್ಡೈಸ್ ಮಾಡಬೇಕು, ಅಂದರೆ ಅದರ ನಿಜವಾದ ಸಾಂದ್ರತೆ ಎಷ್ಟು ಅಂತ ಮತ್ತೆ ಅಳೆಯಬೇಕು?" ಅಂದ ತಕ್ಷಣ ಸದ್ದಿಲ್ಲ. ಹೋದ ಸಲ ಡಿಸ್ಟಿಂಕ್ಷನ್ ಬಂದ ಎಂಎಸ್ಸಿ ಹುಡುಗ ಫ್ಯಾನ್ ನೋಡುತ್ತಾ ಕೂತ. ಅವನ ಹಿಂದೆ ಬಂದ ಬಿಎಸ್ಸಿ ಹುಡುಗಿ, ಒಂದು ವರ್ಷ ಡೈರಿ ಲ್ಯಾಬಿನಲ್ಲಿ ಕೆಲಸ ಮಾಡಿದ್ದಳು, ನಗುತ್ತಾ ಹೇಳಿದಳು. ಅವಳನ್ನೇ ತಗೊಂಡೆವು. ಉತ್ತರ ಇಲ್ಲಿ ಬರೆಯುವುದಿಲ್ಲ, ನೀನೇ ಯೋಚಿಸು.

ದುಡ್ಡಿನ ಲೆಕ್ಕ ಸುಲಭ. 16,500ರಂತೆ 24 ತಿಂಗಳಿಗೆ 3,96,000. ಎಂಎಸ್ಸಿಗೆ ಹೋದರೆ ಇಷ್ಟು ಬರುವುದಿಲ್ಲ, ಮೇಲೆ ಫೀಸು, ಹಾಸ್ಟೆಲ್ಲು. ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಮದ್ದೂರಿನಿಂದ ಮೈಸೂರಿಗೇ 60 ಕಿಲೋಮೀಟರಿಗಿಂತ ಜಾಸ್ತಿ, ಅಲ್ಲಿಂದ ನಂಜನಗೂಡಿಗೆ ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿನಗೆ ಶಕ್ತಿ ಟಿಕೆಟ್ ಫ್ರೀ, ಆದರೆ ದಿನಾ ಓಡಾಡಿ ಶಿಫ್ಟ್ ಮಾಡೋಕೆ ಆಗುವುದಿಲ್ಲ. ಕಂಪನಿ ಬಸ್ಸು ಎಲ್ಲಿಂದ ಬರುತ್ತದೆ ಅಂತ ಕೇಳಿಕೋ. ಇಲ್ಲಾಂದ್ರೆ ಮೈಸೂರಿನ ಪಿಜಿಯಲ್ಲಿ ರೂಮು ಮಾಡಬೇಕು, ಅಲ್ಲಿಗೆ ಸಂಬಳದಲ್ಲಿ ದೊಡ್ಡ ತುಂಡು ಹೋಯಿತು. ಮನೆಗೆ ಎಷ್ಟು ಉಳಿಯುತ್ತದೆ ಅಂತ ಕೂಡಿ ಕಳೆದು ನೋಡು.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಆಫರ್ ಲೆಟರಿನಲ್ಲಿ ಬಾಂಡ್ ಇದೆಯಾ ನೋಡು. ಒರಿಜಿನಲ್ ಮಾರ್ಕ್ಸ್ ಕಾರ್ಡು ಕೊಟ್ಟುಬಿಡು ಅಂದರೆ ಕೊಡಬೇಡ. ನಾನು ಮೊದಲು ಸೇರಿದ ಕಡೆ ಕೊಟ್ಟು, ಬಿಡಿಸಿಕೊಳ್ಳುವುದಕ್ಕೆ ನಾಲ್ಕು ತಿಂಗಳು ಅಲೆದಿದ್ದೇನೆ. ಎಂಎಸ್ಸಿ ಅಡ್ಮಿಷನ್ನಿಗೆ ಅದೇ ಬೇಕಾಗುತ್ತದೆ.

ನನ್ನ ಸಲಹೆ ಕೇಳಿದರೆ, ಪಾಠ ಮಾಡುವ ಆಸೆ ಅಥವಾ ರಿಸರ್ಚ್ ಆಸೆ ನಿಜವಾಗಿ ಇದ್ದರೆ ಈ ವರ್ಷವೇ ಗಂಗೋತ್ರಿಗೆ ಹೋಗು. ಯಾವುದೂ ಸ್ಪಷ್ಟ ಇಲ್ಲ ಅಂದರೆ ಕೆಲಸಕ್ಕೆ ಸೇರು. ಒಂದು ವರ್ಷ ಲ್ಯಾಬಿನಲ್ಲಿದ್ದರೆ ಏನು ಇಷ್ಟ, ಏನು ಆಗಲ್ಲ ಅಂತ ಗೊತ್ತಾಗುತ್ತದೆ. ಜೊತೆಗೆ ಐಐಟಿಗಳಲ್ಲಿ ಎಂಎಸ್ಸಿ ಪ್ರವೇಶಕ್ಕಿರುವ ಜಾಮ್ ಪರೀಕ್ಷೆಗೆ ಓದಬಹುದು, ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ. ಈ ವರ್ಷದ ಸೀಟು ಬಿಟ್ಟರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು, ಅದು ಗೊತ್ತಿರಲಿ.

ಸದಸ್ಯರು (ಅತಿಥಿ ಉಪನ್ಯಾಸಕ, ಶ್ರೀರಂಗಪಟ್ಟಣ): ಮೇಡಂ, ಪಾಠ ಮಾಡುವ ಆಸೆ ಇದ್ದರೆ ಹೋಗು ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ನಾನು ಎಂಎಸ್ಸಿ, ಕೆ-ಸೆಟ್ ಎರಡೂ ಮಾಡಿ 11 ವರ್ಷ ಆಯಿತು. ಪ್ರತಿ ವರ್ಷ ಆಯ್ಕೆ ಪಟ್ಟಿಗೆ ಕಾಯುವುದೇ ಕೆಲಸ. ರಜೆಯಲ್ಲಿ ಸಂಬಳ ಇಲ್ಲ. ಹುದ್ದೆ ಕರೆಯುವುದು ಯಾವಾಗಲೋ ಒಮ್ಮೆ.

ಉತ್ತರ: ನೀವು ಹೇಳುವುದು ಸರಿ ಸರ್, ನನ್ನ ಉತ್ತರದಲ್ಲಿ ಅದು ಬಿಟ್ಟುಹೋಗಿತ್ತು. ಅರ್ಹತೆ ಇದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಮಗು, ಪಾಠದ ದಾರಿ ಹಿಡಿದರೆ ಎಂಎಸ್ಸಿ ಆದ ಮೇಲೆ ಬಿಎಡ್ ಕೂಡ ಮಾಡಿಕೋ. ಆಗ ಪಿಯು, ಹೈಸ್ಕೂಲ್, ಖಾಸಗಿ ಕಾಲೇಜು ಎಲ್ಲ ಕಡೆ ಅರ್ಜಿ ಹಾಕಬಹುದು. ಒಂದನ್ನೇ ನೆಚ್ಚಿಕೊಂಡು ಕೂತರೆ ಕಷ್ಟ.

ಸದಸ್ಯರು (ಮಂಡ್ಯ): ನಾನು ಬಿಕಾಂ, ಅಂಗಡಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಮೈಸೂರಿನ ಮುಕ್ತ ವಿವಿಯಲ್ಲಿ ಎಂಕಾಂ ಮಾಡಿದರೆ ಬೆಲೆ ಇದೆಯಾ?

ಉತ್ತರ: ಇದೆ. ಮಾನ್ಯತೆ ಇರುವ ವಿವಿಯ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲೇ ಸ್ಪಷ್ಟ ಮಾಡಿದೆ. ಸೇರುವ ವರ್ಷ ನಿಮ್ಮ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಎಂಕಾಂಗೆ ಲ್ಯಾಬಿನ ಗೋಜಿಲ್ಲ, ಕೆಲಸ ಬಿಡದೆ ಮಾಡಿ.

ಪ್ರಶ್ನೆ ಕೇಳಿದವಳು: ಮೇಡಂ, ಒಂದು ವಿಷಯ ಬರೆದಿರಲಿಲ್ಲ. ಓದುತ್ತಿದ್ದರೆ ಗಂಡು ನೋಡುವ ಮಾತು ಎರಡು ವರ್ಷ ಮುಂದಕ್ಕೆ ಹೋಗುತ್ತದೆ. ನಂಜನಗೂಡಿಗೆ ಹೋದರೆ ಈ ವರ್ಷವೇ ಶುರು ಮಾಡುತ್ತಾರೆ. ಅಮ್ಮ ಸುಮ್ಮನಿರುವುದೂ ಅದಕ್ಕೇ ಅನ್ನಿಸುತ್ತದೆ.

ಉತ್ತರ: ನಂಗೆ ಅನುಮಾನ ಇತ್ತು, ಕೇಳುವುದು ಬೇಡ ಅಂತ ಸುಮ್ನಿದ್ದೆ. ಇದೇನು ನಾಚಿಕೆಪಡುವ ಕಾರಣ ಅಲ್ಲ. ನನ್ನ ಬ್ಯಾಚಿನಲ್ಲಿ ಅರ್ಧ ಹುಡುಗಿಯರು ಇದಕ್ಕೇ ಬಂದಿದ್ದರು, ಅವರಲ್ಲಿ ಚೆನ್ನಾಗಿ ಓದಿದವರೂ ಇದ್ದರು. ಹಾಗಾದರೆ ಎಂಎಸ್ಸಿಗೆ ಸೇರು. ಆದರೆ ಮದುವೆ ಮುಂದೂಡೋಕೆ ಬಂದೆ ಅಂತ ಎರಡು ವರ್ಷ ಕಾಲ ತಳ್ಳಬೇಡ. ಮೊದಲ ಸೆಮಿಸ್ಟರ್‌ನಿಂದಲೇ ನೆಟ್ ಸಿಲಬಸ್ ಜೊತೆಗಿಟ್ಟುಕೋ, ರಜೆಯಲ್ಲಿ ಯಾವುದಾದರೂ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಕೇಳು. ಅಮ್ಮನ ಹತ್ತಿರ ಒಂದು ಸಲ ಬಾಯಿ ಬಿಟ್ಟು ಮಾತಾಡು. ಕಂಪನಿಗೆ ಬರುವುದಿಲ್ಲ ಅಂತ ಮೇಲ್ ಹಾಕಿಬಿಡು, ಸುಮ್ಮನೆ ಫೋನ್ ಎತ್ತದೆ ಇರಬೇಡ. ಮುಂದೆ ಅದೇ ಕಡೆ ಕೆಲಸ ಕೇಳಬೇಕಾಗಬಹುದು.

ಪ್ರಶ್ನೆ ಕೇಳಿದವಳು: ಥ್ಯಾಂಕ್ಸ್ ಮೇಡಂ. ನಾಳೆ ಮೇಲ್ ಹಾಕುತ್ತೇನೆ. ಆ ಸೋಡಿಯಂ ಹೈಡ್ರಾಕ್ಸೈಡ್ ಪ್ರಶ್ನೆ: ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಕಾರ್ಬನ್ ಡೈಆಕ್ಸೈಡ್ ಕೂಡ. ತೂಗಿದ 4 ಗ್ರಾಂ ಪೂರ್ತಿ ಅದೇ ಆಗಿರುವುದಿಲ್ಲ. ಅದಕ್ಕೇ ಅಲ್ವಾ?

ಉತ್ತರ: ಅದಕ್ಕೇ. ಯಾವುದರ ಎದುರು ಸ್ಟ್ಯಾಂಡರ್ಡೈಸ್ ಮಾಡುತ್ತೀಯ?

ಪ್ರಶ್ನೆ ಕೇಳಿದವಳು: ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್. ಫಿನಾಲ್ಫ್ತಲೀನ್ ಎರಡು ಹನಿ, ತಿಳಿ ಗುಲಾಬಿ ಬಣ್ಣ ಬಂದು ನಿಲ್ಲುವವರೆಗೆ.